ಮೂರರಲ್ಲಿ ಒಂದು ದೊಡ್ಡದೋ, ನಾಲ್ಕರಲ್ಲಿ ಒಂದೋ?

ಕಳೆದ ಮಳೆಗಾಲದ ಒಂದು ಸಂಜೆ. ಕರೆಂಟ್ ಹೋಗಿತ್ತು. ಪಡಸಾಲೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿಟ್ಟು ತಂಗಿಯ ಮಗಳು ಹೋಂವರ್ಕ್ ಮಾಡುತ್ತಿದ್ದಳು. ಐದನೇ ಕ್ಲಾಸು. ಅವಳ ಅಪ್ಪ ಅವ್ವ ಇಬ್ಬರೂ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಹಾಗಾಗಿ ಹುಡುಗಿ ನಮ್ಮ ಮನೆಯಲ್ಲೇ ಇದ್ದು ಓದುತ್ತಾಳೆ.

ಅದೇ ಬೆಳಕಿನಲ್ಲಿ ನಾವು ಬೇರೆ ಕಾಗದ ನೋಡುತ್ತಾ ಕೂತಿದ್ದೆವು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಹೊಲ ಇನ್ನೂ ಅವರ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಬೇಕಿತ್ತು. ಪಹಣಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು.

ಹುಡುಗಿ ನೋಟ್‌ಬುಕ್ ಮುಂದೆ ಹಿಡಿದಳು. 'ಯಾವುದು ದೊಡ್ಡದು, ಚಿಹ್ನೆ ಹಾಕು' ಅಂತ ಐದು ಲೆಕ್ಕ ಕೊಟ್ಟಿದ್ದರು. ಅವಳು ಹೀಗೆ ಬರೆದಿದ್ದಳು:

1/2 < 1/5
1/3 < 1/4
1/6 < 1/8
2/3 < 2/5
3/5 < 3/8

ಐದಕ್ಕೆ ಐದೂ ತಪ್ಪು. ಮೊದಲು ಬೈಯೋಣ ಅನ್ನಿಸಿತು. ಆಮೇಲೆ ನೋಡಿದರೆ ಐದೂ ಒಂದೇ ರೀತಿ ತಪ್ಪು. ಮಗು ಗಮನ ಇಲ್ಲದೆ ಬರೆದಿದ್ದರೆ ಒಂದೋ ಎರಡೋ ಸರಿಯಾಗಿರುತ್ತಿದ್ದವು. ಎಲ್ಲವೂ ಒಂದೇ ಕಡೆ ತಪ್ಪಿವೆ ಎಂದರೆ ಅವಳ ತಲೆಯಲ್ಲಿ ಒಂದು ನಿಯಮ ಇದೆ ಎಂದು ಅರ್ಥ. ಏನದು ಅಂತ ಕೇಳಿದೆವು.

"ಮಾಮಾ, ಮೂರಕ್ಕಿಂತ ನಾಕು ದೊಡ್ಡದಲ್ಲೇನು? ಮ್ಯಾಲಿನ ಅಂಕಿ ಎರಡೂ ಕಡೆ ಒಂದ ಐತಿ. ಹಂಗಾರ ಕೆಳಗಿಂದು ನೋಡಬೇಕು. ನಾಕು ದೊಡ್ಡದು."

ಅವಳ ಮಾತಿನಲ್ಲಿ ಅರ್ಧ ಸರಿ ಇತ್ತು. ಮೇಲಿನ ಅಂಕಿ ಒಂದೇ ಇದ್ದಾಗ ಕೆಳಗಿನದನ್ನೇ ನೋಡಬೇಕು. ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಒಂದನೇ ಕ್ಲಾಸಿನಿಂದ ಅವಳಿಗೆ ನಾಲ್ಕು ಮೂರಕ್ಕಿಂತ ದೊಡ್ಡದು, ಎಂಟು ಆರಕ್ಕಿಂತ ದೊಡ್ಡದು ಅಂತಲೇ ಕಲಿಸಿದ್ದಾರೆ. ಅದು ಸುಳ್ಳಲ್ಲ. ಗೆರೆಯ ಕೆಳಗೆ ಬಂದಾಗ ಆ ನಾಲ್ಕು ಬೇರೆ ಕೆಲಸ ಮಾಡುತ್ತದೆ ಅಂತ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ.

ನಮಗೆ ನಗು ಬರಲಿಲ್ಲ. ಯಾಕೆಂದರೆ ಇದೇ ತಪ್ಪನ್ನು ನಾವು ಇಪ್ಪತ್ತು ದಾಟಿದ ಮೇಲೆ ಮಾಡಿದ್ದೆವು.

ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಆಗಷ್ಟೇ ಸುದ್ದಿ ಕಳಿಸಲು ಶುರು ಮಾಡಿದ್ದ ವರ್ಷ. ದೀಪಾವಳಿ ಮುಗಿದ ಮೇಲೆ ನಮ್ಮ ಹಾವೇರಿ ಕಡೆ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದಲ್ಲ, ಅದರ ಫೋಟೋ ಬೇಕಿತ್ತು. ಗೆಳೆಯನ ಕ್ಯಾಮೆರಾ ಎರವಲು ತಂದಿದ್ದೆವು. ಶಟರ್ ಸ್ಪೀಡ್ ತೋರಿಸುವ ಜಾಗದಲ್ಲಿ 30, 60, 125, 250, 500, 1000 ಅಂತ ಬರೀ ಅಂಕಿ ಇದ್ದವು. ಹೋರಿ ಜೋರಾಗಿ ಓಡುತ್ತದೆ, ಶಟರ್ ಸ್ವಲ್ಪವೇ ಹೊತ್ತು ತೆರೆದಿರಬೇಕು ಎನ್ನುವುದು ಗೊತ್ತಿತ್ತು. 1000 ಎಂದರೆ ಬಹಳ ಹೊತ್ತು, 30 ಎಂದರೆ ಸ್ವಲ್ಪ ಹೊತ್ತು ಅಂದುಕೊಂಡು 30ಕ್ಕೆ ಇಟ್ಟೆವು.

ಒಂದೂ ಫೋಟೋ ಬರಲಿಲ್ಲ. ಹೋರಿ ಇರಬೇಕಾದ ಕಡೆ ಕಂದು ಬಣ್ಣದ ಹೊಗೆ ಇತ್ತು. ಕೊಬ್ಬರಿ ಸರ, ಬಲೂನು, ಜೂಲ ಎಲ್ಲ ಕಲಸಿಹೋಗಿತ್ತು.

ಆಮೇಲೆ ತಿಳಿಯಿತು. ಕ್ಯಾಮೆರಾ ತೋರಿಸುವುದು ಕೆಳಗಿನ ಅಂಕಿಯನ್ನು ಮಾತ್ರ. ಮೇಲೆ ಒಂದು ಇದೆ, ಅದನ್ನು ಬರೆಯುವುದಿಲ್ಲ. 30 ಎಂದರೆ 1/30 ಸೆಕೆಂಡ್. 1000 ಎಂದರೆ 1/1000 ಸೆಕೆಂಡ್. ಹೋರಿ ಸೆಕೆಂಡಿಗೆ 10 ಮೀಟರ್ ಓಡುತ್ತದೆ ಅಂದುಕೊಳ್ಳಿ. 1/30 ಸೆಕೆಂಡಿನಲ್ಲಿ ಅದು ಸುಮಾರು 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಒಂದು ಅಡಿಗಿಂತ ಹೆಚ್ಚು. 1/1000 ಸೆಕೆಂಡಿನಲ್ಲಿ ಹೋಗುವುದು ಒಂದೇ ಸೆಂಟಿಮೀಟರ್. ದೊಡ್ಡ ಅಂಕಿ ಇಟ್ಟಿದ್ದರೆ ಸಣ್ಣ ಹೊತ್ತು ಸಿಗುತ್ತಿತ್ತು, ಹೋರಿ ನಿಂತಂತೆ ಕಾಣುತ್ತಿತ್ತು.

ಡಿಪ್ಲೊಮಾ ಓದಿದವರೇ ಹೀಗೆ ಮಾಡಿದ ಮೇಲೆ ಐದನೇ ಕ್ಲಾಸಿನ ಹುಡುಗಿಯನ್ನು ಯಾವ ಬಾಯಿಂದ ಬೈಯುವುದು?

ಆದರೆ ಒಂದು ವಿಚಿತ್ರ ನೋಡಿ. ಅಂಕಿಯಲ್ಲಿ ಬರೆದರೆ ತಪ್ಪುವ ನಾವು ಹೋಟೆಲಿನಲ್ಲಿ ಯಾವತ್ತೂ ತಪ್ಪುವುದಿಲ್ಲ. ಬಸ್‌ಸ್ಟ್ಯಾಂಡ್ ಹೋಟೆಲಿಗೆ ಇಬ್ಬರು ಹೋಗಿ 'ಒನ್ ಬೈ ಟೂ ಚಹಾ' ಅನ್ನುತ್ತೇವೆ. ಮೂರನೆಯವನು ಬಂದು ಕೂತರೆ 'ಒನ್ ಬೈ ತ್ರೀ ಮಾಡಪ್ಪಾ' ಅನ್ನುತ್ತೇವೆ. ಎರಡಕ್ಕಿಂತ ಮೂರು ದೊಡ್ಡದು, ಈಗ ಜಾಸ್ತಿ ಚಹಾ ಬರುತ್ತದೆ ಅಂತ ಯಾರಾದರೂ ಖುಷಿಪಟ್ಟಿದ್ದು ಉಂಟೇ? ಲೋಟ ಇನ್ನೂ ಖಾಲಿ ಕಾಣುತ್ತದೆ ಅಂತ ಎಲ್ಲರಿಗೂ ಗೊತ್ತು. 1/2, 1/3 ಎಂದರೆ ಅಷ್ಟೇ. ಚಹಾ ಒಂದು, ಕುಡಿಯುವವರು ಎಷ್ಟು ಮಂದಿ ಎನ್ನುವುದು ಕೆಳಗಿನ ಅಂಕಿ.

ನಮ್ಮ ಪಠ್ಯಪುಸ್ತಕದ ಕನ್ನಡವೇ ಇದನ್ನು ಹೇಳುತ್ತದೆ. ಮೇಲಿನ ಅಂಕಿಗೆ ಅಂಶ ಅನ್ನುತ್ತಾರೆ. ಅಂಶ ಎಂದರೆ ಪಾಲು. ಕೆಳಗಿನದಕ್ಕೆ ಛೇದ ಅನ್ನುತ್ತಾರೆ. ಛೇದ ಎಂದರೆ ಕತ್ತರಿಸುವುದು. ಎಷ್ಟು ತುಂಡು ಮಾಡಿದ್ದೇವೆ ಅಂತ ಛೇದ ಹೇಳುತ್ತದೆ, ಅದರಲ್ಲಿ ಎಷ್ಟು ತುಂಡು ತೆಗೆದುಕೊಂಡೆವು ಅಂತ ಅಂಶ ಹೇಳುತ್ತದೆ. ಹೆಚ್ಚು ಕತ್ತರಿಸಿದಷ್ಟೂ ತುಂಡು ಸಣ್ಣದು. ಈ ಎರಡು ಪದ ನಾವೂ ಬಾಯಿಪಾಠ ಮಾಡಿದ್ದೆವು. ಅವುಗಳ ಅರ್ಥ ಏನು ಅಂತ ಶಾಲೆಯಲ್ಲಿದ್ದಾಗ ಒಮ್ಮೆಯೂ ಯೋಚಿಸಿರಲಿಲ್ಲ.

ಹಿರಿಯರಿಗೆ ಈ ಗೊಂದಲ ಕಡಿಮೆ ಇತ್ತು ಅನಿಸುತ್ತದೆ. ಅವರು ಪಾಲನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅರ್ಧ, ಕಾಲು, ಅದರ ಅರ್ಧ ಅರೆಕಾಲು, ಹದಿನಾರರಲ್ಲಿ ಒಂದು ವೀಸ. 'ಕಾಲು' ಅಂದಾಗ ಅದರಲ್ಲಿ ನಾಲ್ಕು ಎನ್ನುವ ಅಂಕಿ ಕಾಣುವುದೇ ಇಲ್ಲ, ಹಾಗಾಗಿ ಮೋಸ ಹೋಗುವ ಪ್ರಶ್ನೆಯೂ ಇಲ್ಲ. ಅರ್ಧಕ್ಕಿಂತ ಕಾಲು ಸಣ್ಣದು, ಕಾಲಿಗಿಂತ ಅರೆಕಾಲು ಸಣ್ಣದು. ಓದು ಬಾರದ ಅಜ್ಜಿಗೂ ಇದು ಗೊತ್ತಿತ್ತು. ಅದನ್ನೇ 1/2, 1/4, 1/8 ಅಂತ ಬರೆದ ತಕ್ಷಣ 8 ದೊಡ್ಡದಾಗಿ ಕಾಣುತ್ತದೆ.

ಅವತ್ತು ಸಂಜೆ ನಾವು ಹುಡುಗಿಗೆ ಅಂಶ, ಛೇದ ಎಂದು ಪಾಠ ಮಾಡಲಿಲ್ಲ. ಅಡುಗೆಮನೆಯಿಂದ ಒಂದು ಜೋಳದ ರೊಟ್ಟಿ ತಂದೆವು.

"ಒಂದ ರೊಟ್ಟಿ. ನೀನು, ಅಜ್ಜಿ, ಮಾಮಾ. ಮೂರು ಮಂದಿ. ಸಮ ಹಂಚು."

ಬೆರಳಿನಿಂದ ಗೆರೆ ಎಳೆದು ಮೂರು ಪಾಲು ತೋರಿಸಿದಳು.

"ಒಬ್ಬರ ಪಾಲು ಎಷ್ಟು?"

"ಮೂರರಾಗ ಒಂದು."

"ಈಗ ನಿಮ್ಮವ್ವ ಗೋವಾದಿಂದ ಬಂದ್ಳು ಅಂದ್ಕೋ. ರೊಟ್ಟಿ ಅದ ಒಂದು. ಈಗ ಹಂಚು."

ಅವಳು ಹಳೆಯ ಗೆರೆ ಅಳಿಸಿದಂತೆ ಕೈಯಾಡಿಸಿ ನಾಲ್ಕು ಪಾಲು ಮಾಡಿದಳು. ಸ್ವಲ್ಪ ಹೊತ್ತು ರೊಟ್ಟಿ ನೋಡಿದಳು. ಆಮೇಲೆ ತಾನೇ ಹೇಳಿದಳು.

"ಹಂಗಾರ ನಾಕರಾಗ ಒಂದು ಸಣ್ಣದಾಗ್ತೈತಿ. ಅವ್ವ ಬರಲಿಲ್ಲಂದ್ರ ನಮಗೆಲ್ಲಾ ದೊಡ್ಡ ತುಂಡು ಬರ್ತೈತಿ."

ಅಷ್ಟು ಹೇಳಿ ಪೆನ್ಸಿಲ್ ತೆಗೆದುಕೊಂಡು 1/3 ಮತ್ತು 1/4ರ ನಡುವಿನ ಚಿಹ್ನೆ ಅಳಿಸಿ ತಿರುಗಿಸಿ ಹಾಕಿದಳು. ಲೆಕ್ಕ ಸರಿಯಾಯಿತು. ಅವಳು ಮುಂದಿನ ಲೆಕ್ಕಕ್ಕೆ ಹೋದಳು. ನಮಗೆ ಹೋಗಲು ಆಗಲಿಲ್ಲ.

ಯಾಕೆಂದರೆ ನಮ್ಮ ತೊಡೆಯ ಮೇಲಿದ್ದ ಚೀಲದಲ್ಲಿ ಇದೇ ಲೆಕ್ಕ ಇತ್ತು.

ಅಪ್ಪನ ಹೊಲ ಮೂರು ಎಕರೆ. ಎಕರೆಗೆ 40 ಗುಂಟೆ, ಒಟ್ಟು 120 ಗುಂಟೆ. ಗೋವಿನಜೋಳ ಬೆಳೆಯುವ ಭೂಮಿ, ಒಂದು ಬೋರ್ ಇದೆ. ಅಜ್ಜ ಬಿಟ್ಟು ಹೋದದ್ದಲ್ಲ, ಅಪ್ಪ ದುಡಿದು ಕೊಂಡದ್ದು. ವಿಲ್ ಬರೆದಿರಲಿಲ್ಲ. ಮನೆಯಲ್ಲಿ ಅವ್ವ, ಅಣ್ಣ, ನಾವು. ಮದುವೆಯಾಗಿ ಹೋದವಳು ತಂಗಿ.

ಅಣ್ಣನ ಮಾತು ಹೀಗಿತ್ತು: ತಂಗಿ ಪಂಚಮಿಗೆ ತವರಿಗೆ ಬರುತ್ತಾಳೆ. ಒಳ್ಳೆಯ ಸೀರೆ ಕೊಡೋಣ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋಣ. ಅವಳು ಬೇಡ ಅನ್ನುವವಳಲ್ಲ. ನಾವು ಹೂಂ ಅಂದಿದ್ದೆವು. ಊರಿನಲ್ಲಿ ಎಲ್ಲರ ಮನೆಯಲ್ಲೂ ಹೀಗೇ ನಡೆಯುತ್ತದೆ.

ಬರೀ ಹೂಂ ಅಂದಿದ್ದಲ್ಲ. ಒಂದು ಹಳೆಯ ಲಕೋಟೆಯ ಹಿಂದೆ ಪೆನ್ನಿನಿಂದ ಲೆಕ್ಕ ಹಾಕಿದ್ದೆವು. 120 ಭಾಗಿಸು 3, ಒಬ್ಬರಿಗೆ 40 ಗುಂಟೆ. 120 ಭಾಗಿಸು 4, ಒಬ್ಬರಿಗೆ 30 ಗುಂಟೆ. ಕ್ಯಾಮೆರಾದಲ್ಲಿ ತಪ್ಪಿದವರು ಇಲ್ಲಿ ತಪ್ಪಿರಲಿಲ್ಲ. ಮೂರರಲ್ಲಿ ಒಂದು ದೊಡ್ಡದು ಅಂತ ಚೆನ್ನಾಗಿ ಗೊತ್ತಿತ್ತು. ಛೇದವನ್ನು ನಾಲ್ಕರಿಂದ ಮೂರಕ್ಕೆ ಇಳಿಸಲು ಒಬ್ಬಳನ್ನು ಲೆಕ್ಕದಿಂದ ತೆಗೆಯಬೇಕಿತ್ತು. ಅವಳ ಮಗಳು ಎದುರಿಗೇ ಕೂತು ನಮ್ಮ ಬಾಯಿಂದಲೇ ಆ ಲೆಕ್ಕ ಕಲಿಯುತ್ತಿದ್ದಳು.

ಕಾನೂನು ಏನು ಹೇಳುತ್ತದೆ ಅಂತ ನಮಗೆ ಗೊತ್ತಿಲ್ಲದೆ ಇರಲಿಲ್ಲ. ನಾವೇ ಅದರ ಬಗ್ಗೆ ಸುದ್ದಿ ಬರೆದವರು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದ್ದು. ತಂದೆ ಸ್ವಂತ ದುಡಿದು ಮಾಡಿದ ಆಸ್ತಿಗೆ ವಿಲ್ ಇಲ್ಲದಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಅಂತ ಅವತ್ತೇ ಬರೆದಿದೆ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರೂ ಒಬ್ಬರು. ನಮ್ಮ ಅಜ್ಜಿ ಇದ್ದಿದ್ದರೆ ಛೇದ ಐದಾಗುತ್ತಿತ್ತು, ಒಬ್ಬರಿಗೆ 24 ಗುಂಟೆ. ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹಕ್ಕು ಕೊಡಲು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಇದೆಲ್ಲ ಬರೆದು ಕಳಿಸಿದ್ದೇವೆ. ಬೇರೆಯವರ ಮನೆಯ ಸುದ್ದಿ ಬರೆಯುವುದು ಸುಲಭ.

ಆ ರಾತ್ರಿ ಮತ್ತೆ ಲಕೋಟೆ ತೆಗೆದು ಅದೇ ಲೆಕ್ಕವನ್ನು ಇನ್ನೊಂದು ರೀತಿ ಮಾಡಿದೆವು. ಮೂರರಲ್ಲಿ ಒಂದು 40 ಗುಂಟೆ. ನಾಲ್ಕರಲ್ಲಿ ಒಂದು 30 ಗುಂಟೆ. ವ್ಯತ್ಯಾಸ 10 ಗುಂಟೆ, ಅಂದರೆ ಇಡೀ ಹೊಲದ 1/12. ಅವ್ವ 10 ಗುಂಟೆ, ಅಣ್ಣ 10 ಗುಂಟೆ, ನಾವು 10 ಗುಂಟೆ ಬಿಟ್ಟರೆ 30 ಆಯಿತು. ಅದೇ ತಂಗಿಯ ಪಾಲು. ಒಬ್ಬೊಬ್ಬರು ಬಿಡುವುದು ಹತ್ತು, ಅವಳಿಗೆ ಸಿಗುವುದು ಮೂವತ್ತು. ಬಿಡುವುದು ಅನ್ನುವ ಮಾತೂ ತಪ್ಪು, ಅದು ಮೊದಲಿನಿಂದ ನಮ್ಮದಾಗಿರಲೇ ಇಲ್ಲ.

ಹಾಗೇ ಮುಂದುವರಿಸಿ ನೋಡಿದೆವು. ಇಬ್ಬರಿದ್ದರೆ ಒಬ್ಬರಿಗೆ 60 ಗುಂಟೆ. ಮೂವರಾದರೆ 40, ಕಡಿಮೆಯಾದದ್ದು 20. ನಾಲ್ವರಾದರೆ 30, ಕಡಿಮೆಯಾದದ್ದು 10. ಐವರಾದರೆ 24, ಕಡಿಮೆಯಾದದ್ದು 6. ಆರು ಮಂದಿಯಾದರೆ 20, ಕಡಿಮೆಯಾದದ್ದು 4. ಜನ ಹೆಚ್ಚಿದಂತೆ ಪಾಲು ಸಣ್ಣದಾಗುತ್ತದೆ ನಿಜ. ಆದರೆ ಹೊಸದಾಗಿ ಬಂದ ಒಬ್ಬರಿಂದ ಉಳಿದವರಿಗೆ ಆಗುವ ಕಡಿತ ಪ್ರತಿ ಸಲವೂ ಮೊದಲಿಗಿಂತ ಕಡಿಮೆ. ನಮ್ಮ ಹೆದರಿಕೆಯಷ್ಟು ದೊಡ್ಡದಾಗಿರುವುದಿಲ್ಲ.

ಪಂಚಮಿಗೆ ತಂಗಿ ಬಂದಳು. ಜೋಕಾಲಿ ಕಟ್ಟಿದ್ದಾಯಿತು, ಉಂಡಿ ತಿಂದದ್ದಾಯಿತು. ರಾತ್ರಿ ನಾವು ಲಕೋಟೆಯನ್ನು ಅಣ್ಣನ ಮುಂದೆ ಇಟ್ಟೆವು. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. "ಹತ್ತು ಗುಂಟೆ ಅಂದ್ರ ನಿನಗ ಅಂಕಿ. ನನಗ ಅದು ದುಡಿಮಿ" ಅಂದ. ಅವನ ಮಾತೂ ಸುಳ್ಳಲ್ಲ, ಹೊಲದಲ್ಲಿ ದುಡಿಯುವವನು ಅವನೇ. ತಂಗಿ ಎಲ್ಲ ತಂಗಿಯರಂತೆ "ನನಗ ಏನೂ ಬ್ಯಾಡ, ತವರುಮನಿ ಬಾಗಿಲು ತೆರದಿದ್ರ ಸಾಕು" ಅಂದಳು. ಆಗ ಅವ್ವ ಅಡುಗೆಮನೆಯಿಂದಲೇ ಹೇಳಿದಳು: "ಬಾಗಿಲಕ್ಕೂ ಪಾಲಿಗೂ ಏನು ಸಂಬಂಧ? ನಾಕೂ ಹೆಸರು ಬರಸ್ರಿ."

ನಾಲ್ಕು ಹೆಸರಿನಲ್ಲೇ ಅರ್ಜಿ ಹೋಯಿತು. ಬಿಡುಗಡೆ ಪತ್ರ ಮಾಡಿಸಲಿಲ್ಲ. ಹೊಲ ಇನ್ನೂ ಒಟ್ಟಿಗೇ ಇದೆ, ಅಣ್ಣನೇ ಮಾಡುತ್ತಾನೆ. ದುಡಿಮೆಗೆ ಇಷ್ಟು ಅಂತ ಮೊದಲು ತೆಗೆದು, ಉಳಿದದ್ದನ್ನು ನಾಲ್ಕು ಮಾಡುವ ಮಾತಾಗಿದೆ. ದೀಪಾವಳಿವರೆಗೆ ಅಣ್ಣ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಮಾತಾಡುತ್ತಾನೆ, ಮೊದಲಿನಷ್ಟಲ್ಲ.

ಇನ್ನು ಮಕ್ಕಳಿಗೆ ಇದನ್ನು ಹೇಳಿಕೊಡುವ ಮಾತು. ಆ ದಿನದ ನಂತರ ಹುಡುಗಿಯ ಜೊತೆ ಕೂತು ನಾವು ಕಲಿತದ್ದನ್ನು ಹೇಳುತ್ತೇವೆ. ನಿಮ್ಮ ಮನೆಯಲ್ಲಿ ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳಿದ್ದರೆ ಮಾಡಿ ನೋಡಿ.

ಮೊದಲು, 'ಕೆಳಗಿನ ಅಂಕಿ ದೊಡ್ಡದಿದ್ದರೆ ಭಿನ್ನರಾಶಿ ಸಣ್ಣದು' ಅಂತ ಬರೀ ಬಾಯಿಪಾಠ ಮಾಡಿಸಬೇಡಿ. ಅದು ಮೇಲಿನ ಅಂಕಿ ಒಂದೇ ಇದ್ದಾಗ ಮಾತ್ರ ನಿಜ. ನಮ್ಮ ಹುಡುಗಿ ಮರುವಾರವೇ 3/4ಕ್ಕಿಂತ 1/3 ದೊಡ್ಡದು ಅಂತ ಬರೆದಳು. ಕೆಳಗೆ ಮೂರು ಸಣ್ಣದಲ್ಲ, ಅದಕ್ಕೇ ಅಂತೆ. 120 ಗುಂಟೆಯಲ್ಲಿ 1/3 ಎಂದರೆ 40, 3/4 ಎಂದರೆ 90. ನಿಯಮ ನೆನಪಿತ್ತು, ಕಾರಣ ಮರೆತಿತ್ತು.

ಎರಡನೆಯದು, ಓದುವ ರೀತಿ. 'ಒಂದು ಬೈ ನಾಲ್ಕು' ಅಂತ ಓದಿದರೆ ಎರಡು ಅಂಕಿ ಮಾತ್ರ ಕಿವಿಗೆ ಬೀಳುತ್ತವೆ. 'ನಾಲ್ಕು ಸಮ ಪಾಲಿನಲ್ಲಿ ಒಂದು' ಅಂತ ಓದಿಸಿ. ಮಗುವಿಗೆ ರೊಟ್ಟಿ ಕಾಣುತ್ತದೆ.

ಮೂರನೆಯದು, ಮೇಲೆ ಒಂದಕ್ಕಿಂತ ಹೆಚ್ಚು ಇದ್ದಾಗ. 3/5 ಮತ್ತು 3/8. ಎರಡೂ ಕಡೆ ಮೂರು ತುಂಡು. ಐದು ಪಾಲು ಮಾಡಿದ ತುಂಡು ದೊಡ್ಡದು, ಎಂಟು ಪಾಲು ಮಾಡಿದ್ದು ಸಣ್ಣದು. ಮೂರು ದೊಡ್ಡ ತುಂಡು ಹೆಚ್ಚೋ, ಮೂರು ಸಣ್ಣ ತುಂಡು ಹೆಚ್ಚೋ? ಮಗು ತಾನೇ ಹೇಳುತ್ತದೆ. ನಂಬಿಕೆ ಬರದಿದ್ದರೆ 120 ಹುಣಸೆಬೀಜ ಕೊಟ್ಟು ಎಣಿಸಲು ಹೇಳಿ. ಐದು ಗುಂಪು ಮಾಡಿದರೆ ಒಂದರಲ್ಲಿ 24, ಮೂರು ಗುಂಪು 72. ಎಂಟು ಗುಂಪು ಮಾಡಿದರೆ ಒಂದರಲ್ಲಿ 15, ಮೂರು ಗುಂಪು 45. 120 ಒಳ್ಳೆಯ ಸಂಖ್ಯೆ. ಎರಡು, ಮೂರು, ನಾಲ್ಕು, ಐದು, ಆರು, ಎಂಟು, ಎಲ್ಲದಕ್ಕೂ ಉಳಿಕೆ ಇಲ್ಲದೆ ಭಾಗವಾಗುತ್ತದೆ.

ನಾಲ್ಕನೆಯದು ದೊಡ್ಡವರಿಗೂ ಬೇಕಾದದ್ದು. ಹೋಲಿಸುವ ಮುಂಚೆ 'ಯಾವುದರಲ್ಲಿ?' ಅಂತ ಕೇಳಬೇಕು. ಇಡೀ ಒಂದೇ ಆಗಿದ್ದರೆ ಮಾತ್ರ 1/3 ದೊಡ್ಡದು, 1/4 ಸಣ್ಣದು. ಎರಡು ಎಕರೆಯ 1/3 ಎಂದರೆ 26 ಗುಂಟೆ 10 ಆಣೆಯ ಮೇಲೆ ಚೂರು. ಮೂರು ಎಕರೆಯ 1/4 ಎಂದರೆ 30 ಗುಂಟೆ. ಇಲ್ಲಿ ನಾಲ್ಕರಲ್ಲಿ ಒಂದೇ ದೊಡ್ಡದಾಯಿತು. ಪಾಲು ಮಾತಾಡುವಾಗ ಯಾರಾದರೂ 'ನಿನಗೆ ಮೂರರಲ್ಲಿ ಒಂದು' ಅಂದರೆ, ಯಾವುದರ ಮೂರರಲ್ಲಿ ಅಂತ ಕೇಳಿ. ಬೋರ್ ಇರುವ ಹೊಲವೋ, ಕಲ್ಲು ಭೂಮಿಯೋ ಅಂತಲೂ ಕೇಳಿ.

ಮೇಲೆ ಒಂದು ಇರುವ ಇಂಥ ಭಿನ್ನರಾಶಿಗಳ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಒಂದು ಇಡಿಯನ್ನು ಇಂಥ ಪಾಲುಗಳಾಗಿ ಬಿಡಿಸುವ ಸೂತ್ರ ಅದರಲ್ಲಿದೆ. 1/2, 1/3, 1/6 ಸೇರಿಸಿದರೆ ಸರಿಯಾಗಿ ಒಂದು. ನಮ್ಮ ಹೊಲಕ್ಕೆ ಹಾಕಿ ನೋಡಿ: 60, 40, 20, ಒಟ್ಟು 120 ಗುಂಟೆ. ಕೆಳಗೆ ಅತಿ ಸಣ್ಣ ಅಂಕಿ ಇರುವವನಿಗೆ ಅತಿ ದೊಡ್ಡ ಪಾಲು.

ಹುಡುಗಿಗೆ ಈಗ ಈ ಲೆಕ್ಕ ತಪ್ಪುವುದಿಲ್ಲ. ಮೊನ್ನೆ ಪರೀಕ್ಷೆಯಲ್ಲಿ 1/7, 1/9 ಕೇಳಿದ್ದರಂತೆ, ಸರಿ ಬರೆದಿದ್ದಾಳೆ. ಹೇಗೆ ಗೊತ್ತಾಯಿತು ಅಂದರೆ, "ಒಂಬತ್ತು ಮಂದಿ ಊಟಕ್ಕ ಕುಂತ್ರು ಅಂತ ತಿಳಕೊಂಡೆ" ಅಂದಳು.

ಪಹಣಿಯಲ್ಲಿ ನಾಲ್ಕು ಹೆಸರು ಬಂದ ದಿನ ಅದರ ಫೋಟೋ ತೆಗೆದು ತಂಗಿಯ ಫೋನಿಗೆ ಕಳಿಸಿದೆವು. ಅವಳು ಕೆಲಸದ ಜಾಗದಲ್ಲಿ ಇದ್ದಳೇನೋ, ರಾತ್ರಿ ಫೋನ್ ಮಾಡಿದಳು. ಹೊಲದ ಬಗ್ಗೆ ಏನೂ ಹೇಳಲಿಲ್ಲ. ಮಗಳು ಉಂಡಳಾ ಅಂತ ಕೇಳಿದಳು.